ಬ್ಯುರೆಟ್‌ನೊಳಗಿನ ಬಿದಿಗೆ ಚಂದ್ರ

ಪಿಯುಸಿಯಲ್ಲಿ ಕೆಮಿಸ್ಟ್ರಿ ಲ್ಯಾಬಿನೊಳಗೆ ಬ್ಯುರೆಟ್ ಮುಂದೆ ಬಗ್ಗಿ ನಿಂತವರಿಗೆಲ್ಲ ಒಂದು ಮಾತು ನೆನಪಿರುತ್ತೆ: 'ಲೋವರ್ ಮೆನಿಸ್ಕಸ್ ನೋಡು.' ನೀರು ಗಾಜಿನಂಚಿನಲ್ಲಿ ಮೇಲೇರಿ, ನಡುವೆ ತಗ್ಗಿ, ಬಿದಿಗೆ ಚಂದ್ರನ ಹಾಗೆ ಕಾಣುತ್ತಲ್ಲ, ಅದೇ ಮೆನಿಸ್ಕಸ್. ಗ್ರೀಕ್ ಭಾಷೆಯಲ್ಲಿ ಆ ಪದದ ಅರ್ಥವೂ ಪುಟ್ಟ ಚಂದ್ರ ಅಂತಲೇ.

ಪರ್ಮಾಂಗನೇಟ್ ಪ್ರಯೋಗದ ದಿನ ನಾನು ಎಡವಿದೆ. ಆ ಕಡುನೇರಳೆ ದ್ರಾವಣದಲ್ಲಿ ತಗ್ಗಿನ ತಳ ಸರಿಯಾಗಿ ಕಾಣೋದೇ ಇಲ್ಲ. ಮೊದಲ ರೀಡಿಂಗನ್ನು ಮೇಲಂಚಿಗೆ ತಗೊಂಡೆ, ಕೊನೆಯದನ್ನು ಕಿಟಕಿಯ ಬೆಳಕಿಗೆ ಹಿಡಿದು ಕಷ್ಟಪಟ್ಟು ತಳಕ್ಕೆ ತಗೊಂಡೆ. ಲೆಕ್ಕ ಕೂಡಿಬರಲಿಲ್ಲ, ಮಾರ್ಕ್ಸೂ ಹೋಯ್ತು. ನೀರು ಯಾಕೆ ಬಾಗುತ್ತೆ ಅಂತ ಮಾತ್ರ ಯಾರೂ ಹೇಳಲಿಲ್ಲ.

ನಮ್ಮನ್ನು ಬಿಡಿ, ದೊಡ್ಡವರಿಗೇ ಅದು ತಿಳಿಯಲು ನೂರು ವರ್ಷ ಹಿಡಿಯಿತು. ಲಂಡನ್ನಿನ ರಾಯಲ್ ಸೊಸೈಟಿಯಲ್ಲಿ ಪ್ರಯೋಗ ಮಾಡಿ ತೋರಿಸುತ್ತಿದ್ದ ಫ್ರಾನ್ಸಿಸ್ ಹಾಕ್ಸ್‌ಬೀ 1709ರಲ್ಲಿ ತನ್ನ ಪ್ರಯೋಗಗಳ ಪುಸ್ತಕ ಪ್ರಕಟಿಸಿದ. ಸಣ್ಣ ಗಾಜಿನ ಕೊಳವೆಯಲ್ಲಿ ನೀರು ತಾನಾಗಿ ಏರುವುದು ಗಾಳಿಯ ಒತ್ತಡದಿಂದಲೋ? ಗಾಳಿ ತೆಗೆದ ಪಾತ್ರೆಯಲ್ಲಿ ಕೊಳವೆ ಇಟ್ಟು ನೋಡಿದ, ಆಗಲೂ ನೀರು ಅಷ್ಟೇ ಏರಿತು. ಗಾಜು ದಪ್ಪವಿದ್ದರೆ ಹೆಚ್ಚು ಎಳೆಯುತ್ತೋ? ಅದೂ ಇಲ್ಲ. ಅಂದರೆ ಎಳೆಯುತ್ತಿರುವುದು ನೀರಿಗೆ ತೀರಾ ಹತ್ತಿರವಿರುವ ಗಾಜಿನ ಮೇಲ್ಮೈ ಮಾತ್ರ! 1718ರಲ್ಲಿ ಜೇಮ್ಸ್ ಜುರಿನ್ ಎಂಬ ವೈದ್ಯ ಇನ್ನೊಂದು ನಿಯಮ ಕೊಟ್ಟ: ಕೊಳವೆಯ ಒಳಅಗಲ ಅರ್ಧವಾದರೆ ನೀರು ಎರಡರಷ್ಟು ಎತ್ತರ ಏರುತ್ತದೆ.

ಪೂರ್ತಿ ಉತ್ತರ ಬಂದದ್ದು 1805ರಲ್ಲಿ, ಥಾಮಸ್ ಯಂಗ್‌ನಿಂದ. ಈತನೂ ವೈದ್ಯನೇ. ದ್ರವದ ಮೇಲ್ಮೈ ಬಿಗಿದ ಪೊರೆಯಂತೆ ವರ್ತಿಸುತ್ತದೆ, ಒಂದು ದ್ರವ ಒಂದು ಘನವಸ್ತುವನ್ನು ಸೇರುವಾಗ ಅವೆರಡಕ್ಕೂ ತಕ್ಕ ಒಂದು ನಿಗದಿತ ಕೋನದಲ್ಲೇ ಸೇರುತ್ತದೆ ಎಂದ. ಮರುವರ್ಷ ಫ್ರಾನ್ಸಿನ ಲಾಪ್ಲಾಸ್ ಅದಕ್ಕೆ ಗಣಿತದ ರೂಪ ಕೊಟ್ಟ. ಸರಳವಾಗಿ ಹೇಳೋದಾದ್ರೆ, ನೀರಿಗೆ ತನ್ನವರಿಗಿಂತ ಗಾಜಿನ ನಂಟು ಹೆಚ್ಚು, ಅದಕ್ಕೇ ಗೋಡೆ ಹತ್ತುತ್ತೆ. ಪಾದರಸಕ್ಕೆ ತನ್ನವರೇ ಹೆಚ್ಚು, ಅದಕ್ಕೇ ಗಾಜಿನಿಂದ ಮುಖ ತಿರುಗಿಸಿ ನಡುವೆ ಉಬ್ಬುತ್ತೆ. ಬ್ಯಾರೋಮೀಟರಿನಲ್ಲಿ ಆ ಉಬ್ಬಿನ ತುದಿಯನ್ನೇ ಓದಬೇಕು.

ಅಷ್ಟರಲ್ಲಿ ಅಳತೆಯವರಿಗೂ ಇದು ತಲೆನೋವಾಗಿತ್ತು. ಗೇ-ಲ್ಯೂಸಾಕ್, ಆಮೇಲೆ 1855ರಲ್ಲಿ ಟೈಟ್ರೇಶನ್ ಬಗ್ಗೆ ಪಠ್ಯಪುಸ್ತಕವನ್ನೇ ಬರೆದ ಜರ್ಮನಿಯ ಔಷಧ ತಯಾರಕ ಮೋರ್ (ಹೌದು, ನಮ್ಮ ಲ್ಯಾಬಿನ 'ಮೋರ್ಸ್ ಸಾಲ್ಟ್'ನ ಮೋರ್) ಬ್ಯುರೆಟ್ಟನ್ನು ರಸಾಯನಶಾಸ್ತ್ರದ ದಿನಬಳಕೆಗೆ ತಂದರು. ಬ್ಯುರೆಟ್ ಸಪೂರ ಇರುವುದು ಸುಮ್ಮನೆ ಅಲ್ಲ. ಕಣ್ಣು ಒಂದು ಕೂದಲೆಳೆ ತಪ್ಪಿದರೂ ಸಪೂರ ಕೊಳವೆಯಲ್ಲಿ ತಪ್ಪುವ ಪ್ರಮಾಣ ಕಮ್ಮಿ.

ಹಾಗಾದ್ರೆ ತಳವನ್ನೇ ಯಾಕೆ ಓದಬೇಕು? ಗೀಟು ಹಾಕುವಾಗ ಗಾಜಿನವನೂ ತಳವನ್ನೇ ನೋಡಿರುತ್ತಾನೆ. ಗೋಡೆ ಹತ್ತಿದ ಆ ಚೂರು ನೀರು ಗೀಟಿನ ಲೆಕ್ಕದೊಳಗೇ ಸೇರಿದೆ. ಪಿಪೆಟ್ಟಿನ ತುದಿಯಲ್ಲಿ ಉಳಿಯುವ ಕೊನೆಯ ಹನಿಯನ್ನು ಊದಬೇಡ ಅನ್ನೋದೂ ಇದಕ್ಕೇ, ಅದನ್ನು ಬಿಟ್ಟೇ ಗೀಟು ಹಾಕಿರುತ್ತಾರೆ. ನಮ್ಮ ಸೇರು-ಪಾವಿನ ಕಾಲದಲ್ಲೂ ಜಗಳ ಇದೇ ಆಗಿತ್ತು: ಅಕ್ಕಿಯನ್ನು ಗೋಪುರ ಕಟ್ಟಿ ಅಳೆಯೋದಾ, ಅಂಚಿಗೆ ಸಮ ಸವರಿ ಅಳೆಯೋದಾ? ಕೊಡುವವರೂ ಕೊಳ್ಳುವವರೂ ಒಂದೇ ರೀತಿ ಒಪ್ಪಿದರೆ ಮಾತ್ರ ಅಳತೆ ಅಳತೆಯಾಗುತ್ತೆ.

ನನ್ನ ತಪ್ಪೂ ಅಲ್ಲೇ ಇತ್ತು. ಪರ್ಮಾಂಗನೇಟಿಗೆ ಎರಡೂ ಸಲ ಮೇಲಂಚನ್ನೇ ಓದಿದ್ದರೆ, ಕಳೆಯುವಾಗ ಬಾಗಿನ ಲೆಕ್ಕ ತಾನಾಗಿ ಹೊಡೆದುಹೋಗುತ್ತಿತ್ತು.

ಈಗ ಲ್ಯಾಬ್ ಬಿಟ್ಟು ಎಷ್ಟೋ ವರ್ಷವಾಯಿತು. ಆದರೂ ಮಗುವಿಗೆ ಜ್ವರದ ಔಷಧ ಅಳೆಯುವಾಗ ಆ ಪುಟ್ಟ ಲೋಟವನ್ನು ಮೇಜಿನ ಮೇಲಿಟ್ಟು, ಮಂಡಿಯೂರಿ, ಕಣ್ಣನ್ನು ಗೀಟಿನ ಮಟ್ಟಕ್ಕೆ ತರ್ತೀನಿ. ನಮ್ಮ ಕಡೆಗಿರುವ ಗೀಟನ್ನು ಮೇಲಿನಿಂದ ಬಗ್ಗಿ ನೋಡಿದರೆ 5 ಮಿಲಿಲೀಟರ್ ಅಂತ ಕಂಡದ್ದು ನಿಜಕ್ಕೂ ಕಮ್ಮಿ ಇರುತ್ತೆ. ಲ್ಯಾಬಿನಲ್ಲಿ ಹೋದದ್ದು ಬರೀ ಮಾರ್ಕ್ಸು, ಇಲ್ಲಿ ಹಾಗಲ್ಲ ನೋಡಿ.