ಶಿಶುಗಳ ಹಿಂಸಾಜನ್ಯ ತಲೆಪೆಟ್ಟು: ರೋಗನಿರ್ಣಯದಲ್ಲಿ ನೇತ್ರವೈದ್ಯರ ಪಾತ್ರ

ಕಣ್ಣಿನ ಒಳಗನ್ನು ನೋಡುವ ನೇತ್ರದರ್ಶಕವನ್ನು ಹೆಲ್ಮ್‌ಹೋಲ್ಟ್ಸ್ 1851ರಲ್ಲೇ ರೂಪಿಸಿದ್ದರು. ಮಕ್ಕಳ ಮೇಲಿನ ಹಿಂಸೆಯನ್ನು ಫ್ರಾನ್ಸಿನ ಟಾರ್ಡಿಯೂ 1860ರಲ್ಲಿ ದಾಖಲಿಸಿದ್ದರು. ಇವೆರಡೂ ಒಂದೆಡೆ ಸೇರಲು ಮತ್ತೊಂದು ಶತಮಾನ ಹಿಡಿಯಿತು. ಸಾಕುವ ಕೈಯೇ ಕೂಸನ್ನು ಹಿಂಸಿಸೀತೆಂದು ನಂಬಲು ವೈದ್ಯರಿಗೂ ಮನಸ್ಸು ಬರಲಿಲ್ಲ. ಮಿದುಳಿನ ಹೊದಿಕೆಯಡಿ ರಕ್ತ ಮಡುಗಟ್ಟಿದ ಶಿಶುಗಳಲ್ಲಿ ಕೈಕಾಲಿನ ಮೂಳೆಗಳೂ ಮುರಿದಿರುವುದನ್ನು ಅಮೆರಿಕದ ಜಾನ್ ಕ್ಯಾಫಿ 1946ರಲ್ಲಿ ವರದಿ ಮಾಡಿದರು. 1962ರಲ್ಲಿ ಹೆನ್ರಿ ಕೆಂಪ್ ಮತ್ತು ಸಂಗಡಿಗರು ಹಿಂಸೆಯನ್ನು ಹಿಂಸೆಯೆಂದೇ ಕರೆದರು. ಬ್ರಿಟನ್ನಿನ ನರಶಸ್ತ್ರವೈದ್ಯ ನಾರ್ಮನ್ ಗತ್‌ಕೆಲ್ಚ್ 1971ರಲ್ಲಿ, ಹೊರಗಾಯವಿಲ್ಲದ ಕೂಸಿನಲ್ಲೂ ಜೋರಾಗಿ ಅಲುಗಾಡಿಸಿದ್ದೇ ಮಿದುಳಿನ ಹೊದಿಕೆಯಡಿಯ ರಕ್ತಸ್ರಾವಕ್ಕೆ ಕಾರಣವಾಗಬಲ್ಲದೆಂದರು. ಕ್ಯಾಫಿ 1974ರ ಪ್ರಬಂಧದ ಶೀರ್ಷಿಕೆಯಲ್ಲೇ ಕಣ್ಣೊಳಗಿನ ರಕ್ತಸ್ರಾವವನ್ನೂ ಸೇರಿಸಿದರು. ನೇತ್ರವೈದ್ಯರ ಹೊಣೆ ಸ್ಪಷ್ಟವಾಗತೊಡಗಿದ್ದು ಆಗ.

ಆದರೆ ಅಕ್ಷಿಪಟಲದಲ್ಲಿ ರಕ್ತ ಕಂಡೊಡನೆ ಹಿಂಸೆ ಎನ್ನುವಂತಿಲ್ಲ. ಸಹಜ ಹೆರಿಗೆಯಲ್ಲಿ ಹುಟ್ಟಿದ ಅನೇಕ ಕೂಸುಗಳ ಅಕ್ಷಿಪಟಲದಲ್ಲೂ ರಕ್ತಸ್ರಾವ ಕಾಣುತ್ತದೆ. ಬಹುಪಾಲು ಕೆಲವೇ ವಾರಗಳಲ್ಲಿ ಮಾಯವಾಗುತ್ತದೆ. ರಕ್ತ ಹೆಪ್ಪುಗಟ್ಟುವಿಕೆಯ ದೋಷ, ರಕ್ತದ ಕ್ಯಾನ್ಸರ್, ಕೆಲವು ಚಯಾಪಚಯ ರೋಗಗಳನ್ನೂ ಪರೀಕ್ಷಿಸಿ ಬದಿಗಿಡಬೇಕು. ಸಾಕ್ಷ್ಯದ ಬಲವಿರುವುದು ರಕ್ತಸ್ರಾವದ ವಿನ್ಯಾಸದಲ್ಲಿ. ಶಿಶುವಿನ ಕಣ್ಣಿನ ಗಾಜಿನಂಥ ದ್ರವ್ಯ ಅಕ್ಷಿಪಟಲದ ನಡುಭಾಗಕ್ಕೂ ರಕ್ತನಾಳಗಳಿಗೂ ಅಂಚಿಗೂ ಬಿಗಿಯಾಗಿ ಅಂಟಿರುತ್ತದೆ. ತಲೆ ಹಿಂದಕ್ಕೂ ಮುಂದಕ್ಕೂ ಪದೇಪದೇ ಎಸೆಯಲ್ಪಟ್ಟಾಗ ಈ ದ್ರವ್ಯ ಪಟಲವನ್ನು ಜಗ್ಗುತ್ತದೆ. ಆಗ ಎಣಿಸಲಾರದಷ್ಟು ರಕ್ತಕಲೆಗಳು ಹಲವು ಪದರಗಳಲ್ಲಿ, ಅಂಚಿನವರೆಗೂ ಹರಡುತ್ತವೆ. ಕೆಲವೊಮ್ಮೆ ಪಟಲವೇ ಸೀಳಿ, ಸುತ್ತ ಮಡಿಕೆ ಏಳುತ್ತದೆ. ಈ ಸೀಳು, ಮಡಿಕೆಗಳನ್ನು 1980ರ ದಶಕದಲ್ಲಿ ವಿವರಿಸಲಾಯಿತು. ದೃಷ್ಟಿನರದ ಬಳಿ ನಾಲ್ಕಾರು ಕಲೆಗಳಷ್ಟೇ ಇದ್ದರೆ ಅದಕ್ಕೆ ಕಾರಣ ಏನು ಬೇಕಾದರೂ ಇರಬಹುದು.

ಆಕ್ಷೇಪಗಳೂ ಬಂದವು, ಅವು ಹಗುರವಾದವಲ್ಲ. ಬರಿಯ ಅಲುಗಾಟದ ಬಲ ಬಡಿತದ ಬಲಕ್ಕಿಂತ ಬಹಳ ಕಡಿಮೆ ಎಂದು 1987ರಲ್ಲಿ ಬೊಂಬೆಗಳ ಪ್ರಯೋಗ ತೋರಿಸಿತು. ಟಿವಿ ಮೈಮೇಲೆ ಬಿದ್ದು ತಲೆ ಜಜ್ಜಿದ ಮಗುವಿನಲ್ಲೂ ಅದೇ ಮಡಿಕೆ ಕಂಡುಬಂದ ವರದಿ 2004ರಲ್ಲಿ ಪ್ರಕಟವಾಯಿತು. ಆಮ್ಲಜನಕದ ಕೊರತೆಯೇ ಇದೆಲ್ಲಕ್ಕೆ ಮೂಲವೆಂಬ ಊಹೆ ಇಂಗ್ಲೆಂಡಿನ ಮೇಲ್ಮನವಿ ನ್ಯಾಯಾಲಯದಲ್ಲಿ 2005ರಲ್ಲಿ ನಿಲ್ಲಲಿಲ್ಲ. ಆದರೆ ಅದೇ ತೀರ್ಪು ನಾಲ್ಕು ಪ್ರಕರಣಗಳ ಪೈಕಿ ಎರಡರಲ್ಲಿ ಶಿಕ್ಷೆಯನ್ನು ರದ್ದುಮಾಡಿತು. ಈ ಆಕ್ಷೇಪಗಳಿಂದ ಕಣ್ಣಿನ ಸಾಕ್ಷ್ಯ ಬಿದ್ದುಹೋಗಲಿಲ್ಲ, ಅದರ ಎಲ್ಲೆ ಗೊತ್ತಾಯಿತು. ಮಡಿಕೆಯೊಂದೇ ಅಲುಗಾಟಕ್ಕೆ ಪುರಾವೆಯಲ್ಲ, ನಿಜ. ಆದರೆ ಟಿವಿ ಬಿದ್ದದ್ದು ಎಲ್ಲರಿಗೂ ತಿಳಿದ ಘೋರ ಅಪಘಾತ. ಮಂಚದಿಂದ ಜಾರಿತೆಂಬ ಕಥೆಗೂ ಅಂಚಿನವರೆಗೆ ಹರಡಿದ ರಕ್ತಕ್ಕೂ ತಾಳೆಯಾಗುವುದಿಲ್ಲ. ಅಮೆರಿಕದ ಮಕ್ಕಳವೈದ್ಯರ ಅಕಾಡೆಮಿ 2009ರಲ್ಲಿ ‘ಅಲುಗಾಡಿಸಿದ ಶಿಶು’ ಎಂಬ ಹೆಸರನ್ನು ಬಿಟ್ಟು ‘ಹಿಂಸಾಜನ್ಯ ತಲೆಪೆಟ್ಟು’ ಎಂಬುದನ್ನು ಸೂಚಿಸಿದ್ದು ವಿವೇಕದ ಹೆಜ್ಜೆ: ಪೆಟ್ಟು ಹೇಗಾಯಿತೆಂಬುದನ್ನು ಹೆಸರೇ ಮೊದಲು ತೀರ್ಮಾನಿಸಬಾರದು.

ಹೀಗಾಗಿ ನೇತ್ರವೈದ್ಯರು ಬರೆಯಬೇಕಾದದ್ದು ಎಷ್ಟು ಕಲೆ, ಯಾವ ಪದರ, ಎಲ್ಲಿಯವರೆಗೆ ಎಂಬುದನ್ನು, ಮಾಡಿದವರು ಯಾರೆಂಬುದನ್ನಲ್ಲ. ಪಾಪೆ ಹಿಗ್ಗಿಸಿ, ಸಾಧ್ಯವಾದರೆ ಮೊದಲ 24ರಿಂದ 48 ಗಂಟೆಗಳೊಳಗೆ ನೋಡಬೇಕು, ಏಕೆಂದರೆ ಪಟಲದೊಳಗಿನ ಕೆಲವು ಕಲೆಗಳು ದಿನಗಳಲ್ಲೇ ಅಳಿಸಿಹೋಗುತ್ತವೆ. ಕರ್ನಾಟಕದ ಗ್ರಾಮಾಂತರದಲ್ಲಿ ಅವಧಿಪೂರ್ವ ಶಿಶುಗಳ ಕಣ್ಣು ಪರೀಕ್ಷೆಗೆ ಬಳಸುವ ವಿಶಾಲಕ್ಷೇತ್ರದ ಕ್ಯಾಮೆರಾವೇ ಈ ದಾಖಲೆಗೂ ಒದಗುತ್ತದೆ. ಪೆಟ್ಟನ್ನು ಗುರುತಿಸಲು ತಡಮಾಡಿದರೆ ಏನಾಗುತ್ತದೆಂಬುದನ್ನು 1999ರ ಅಮೆರಿಕದ ಒಂದು ಅಧ್ಯಯನ ತೋರಿಸಿದೆ: ಹಿಂಸೆಯಿಂದ ತಲೆಪೆಟ್ಟಾಗಿದ್ದ 173 ಮಕ್ಕಳಲ್ಲಿ 54 ಮಕ್ಕಳ ಪೆಟ್ಟು ಆರಂಭದಲ್ಲಿ ವೈದ್ಯರ ಗಮನಕ್ಕೆ ಬರಲಿಲ್ಲ; ಅವರಲ್ಲಿ 15 ಮಕ್ಕಳಿಗೆ ಆಮೇಲೆ ಮತ್ತೆ ಪೆಟ್ಟಾಯಿತು.