ನಗರ ಸಾರಿಗೆಗೆ ಸ್ಥಳೀಯ ಮಾರಾಟ ತೆರಿಗೆ (ಅಮೆರಿಕ)

ಅಂಗಡಿಗಳಲ್ಲಿ ಮಾರಾಟವಾಗುವ ಸರಕಿನ ಮೇಲೆ ನಗರ, ಕೌಂಟಿ (ನಮ್ಮ ಜಿಲ್ಲೆಯಂಥ ಆಡಳಿತ ಘಟಕ) ಅಥವಾ ಸಾರಿಗೆ ಜಿಲ್ಲೆಯೊಂದು ಶೇಕಡಾ ಅರ್ಧ ಅಥವಾ ಒಂದರಷ್ಟು ಹೆಚ್ಚುವರಿ ತೆರಿಗೆ ಹಾಕಿ, ಬಂದ ಹಣವನ್ನು ಬಸ್ಸು, ರೈಲು, ರಸ್ತೆಗಳಿಗೆಂದೇ ಮೀಸಲಿಡುವ ಪದ್ಧತಿ. ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ 1960ರ ದಶಕದ ಕೊನೆಗೆ ಶುರುವಾಗಿ, ಇಂದು ಅಲ್ಲಿನ ಅನೇಕ ದೊಡ್ಡ ನಗರಗಳ ಸಾರಿಗೆಗೆ ಮುಖ್ಯ ಆಸರೆಯಾಗಿದೆ. ಸಾಮಾನ್ಯವಾಗಿ ಈ ತೆರಿಗೆಯನ್ನು ಜನರ ಮತಕ್ಕೆ ಹಾಕಿಯೇ ಜಾರಿ ಮಾಡಬೇಕು. ಹೀಗಾಗಿ ಇದರ ಚರಿತ್ರೆಯ ಬಹುಪಾಲು, ಮತ ಕೇಳುವಾಗ ಕೊಟ್ಟ ಮಾತುಗಳ ಮತ್ತು ಆ ಮಾತುಗಳು ಏನಾದವು ಎಂಬುದರ ಚರಿತ್ರೆ.

ಕೊಳ್ಳುವವನ ಕಣ್ಣಿಗೆ ಈ ತೆರಿಗೆ ಬೀಳುವುದು ಬಿಲ್ಲಿನಲ್ಲಿ ಮಾತ್ರ. ಅಮೆರಿಕದ ಅಂಗಡಿಗಳಲ್ಲಿ ಸರಕಿನ ಮೇಲೆ ಅಂಟಿಸಿದ ಬೆಲೆಗೆ ತೆರಿಗೆ ಸೇರಿರುವುದಿಲ್ಲ. ದುಡ್ಡು ಕೊಡುವಾಗ ಕೂಡಿಸುತ್ತಾರೆ. 2025ರ ದರದಂತೆ ಲಾಸ್ ಏಂಜಲೀಸ್ ನಗರದಲ್ಲಿ 50 ಡಾಲರಿನ ಶೂ ಕೊಂಡರೆ ಶೇ. 9.75ರಂತೆ 4 ಡಾಲರ್ 88 ಸೆಂಟ್ ತೆರಿಗೆ ಬೀಳುತ್ತದೆ. ಅದರಲ್ಲಿ ಸರಿಯಾಗಿ ಒಂದು ಡಾಲರ್ ಕೌಂಟಿಯ ಸಾರಿಗೆಗೆ ಹೋಗುತ್ತದೆ. ಆ ಒಂದು ಡಾಲರು 1980, 1990, 2008 ಮತ್ತು 2016ರಲ್ಲಿ ಜನ ಒಪ್ಪಿದ ನಾಲ್ಕು ‘ಅರ್ಧ ಸೆಂಟ್’ (ಡಾಲರಿಗೆ ಅರ್ಧ ಸೆಂಟ್, ಅಂದರೆ ಶೇಕಡಾ ಅರ್ಧ) ತೆರಿಗೆಗಳ ಮೊತ್ತ. ಬಿಲ್ಲಿನಲ್ಲಿ ಇದಾವುದೂ ಬಿಡಿಸಿ ಬರೆದಿರುವುದಿಲ್ಲ, ‘ತೆರಿಗೆ’ ಎಂಬ ಒಂದೇ ಸಾಲು ಇರುತ್ತದೆ. ಆಸ್ತಿ ತೆರಿಗೆಯ ಹಾಗೆ ವರ್ಷಕ್ಕೊಮ್ಮೆ ದೊಡ್ಡ ಮೊತ್ತವಾಗಿ ಬಂದು ಚುಚ್ಚದೆ ಚಿಲ್ಲರೆ ಚಿಲ್ಲರೆಯಾಗಿ ಹೋಗುವುದೇ ಈ ತೆರಿಗೆಗೆ ಸಿಕ್ಕ ಒಪ್ಪಿಗೆಯ ಅರ್ಧ ಗುಟ್ಟು. ಪ್ರವಾಸಕ್ಕೆ ಬಂದವರೂ ಒಂದಿಷ್ಟು ಕೊಟ್ಟು ಹೋಗುತ್ತಾರೆ ಎಂಬುದು ಅದರ ಬೆಂಬಲಿಗರು ತಪ್ಪದೆ ಹೇಳುವ ಮಾತು.

ಹಿನ್ನೆಲೆ

ಮಾರಾಟ ತೆರಿಗೆ ಅಮೆರಿಕದಲ್ಲಿ 1930ರ ದಶಕದ ಮಹಾ ಆರ್ಥಿಕ ಕುಸಿತದ ಕೂಸು. ಆಸ್ತಿ ತೆರಿಗೆಯ ವಸೂಲಿ ಕುಸಿದಾಗ ರಾಜ್ಯಗಳು ಅಂಗಡಿಯ ಕಡೆ ತಿರುಗಿದವು. ಕ್ಯಾಲಿಫೋರ್ನಿಯಾ 1933ರಲ್ಲಿ, ನ್ಯೂಯಾರ್ಕ್ ನಗರ 1934ರಲ್ಲಿ ಇದನ್ನು ತಂದವು. ಆದರೆ ಆ ಹಣಕ್ಕೂ ಸಾರಿಗೆಗೂ ಆಗ ಸಂಬಂಧವಿರಲಿಲ್ಲ. ಟ್ರಾಮು, ಬಸ್ಸುಗಳನ್ನು ಹೆಚ್ಚಾಗಿ ಖಾಸಗಿ ಕಂಪನಿಗಳು ನಡೆಸುತ್ತಿದ್ದವು, ಟಿಕೆಟ್ ಹಣದಲ್ಲೇ ಬದುಕುತ್ತಿದ್ದವು.

ಎರಡನೇ ಮಹಾಯುದ್ಧದ ನಂತರ ಜನ ಕಾರು ಕೊಂಡರು, ಉಪನಗರಗಳಿಗೆ ಹೋದರು, ಕಂಪನಿಗಳು ಒಂದೊಂದಾಗಿ ನೆಲಕಚ್ಚಿದವು. ಅವುಗಳನ್ನು ಸಾರ್ವಜನಿಕ ಸಂಸ್ಥೆಗಳು ವಹಿಸಿಕೊಳ್ಳಬೇಕಾಯಿತು. 1956ರ ಕಾಯಿದೆಯ ನಂತರ ಕೇಂದ್ರದ ಪೆಟ್ರೋಲ್ ತೆರಿಗೆ ಹೆದ್ದಾರಿಗಳಿಗೆ ಮೀಸಲಾಗಿತ್ತು. 1964ರ ನಗರ ಸಾರಿಗೆ ಕಾಯಿದೆ ಬಸ್ಸು, ರೈಲಿಗೆ ಕೇಂದ್ರದ ಹಣ ಕೊಟ್ಟರೂ ಸ್ಥಳೀಯರು ತಮ್ಮ ಪಾಲನ್ನು ಹೊಂದಿಸಬೇಕಿತ್ತು. ಆ ಪಾಲು ಎಲ್ಲಿಂದ ತರುವುದು? ಆಸ್ತಿ ತೆರಿಗೆಯ ಮೇಲೆ ಆಗಲೇ ಶಾಲೆಗಳ ಭಾರವಿತ್ತು.

ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿ ಪ್ರದೇಶ

ಮೊದಲ ದೊಡ್ಡ ಪ್ರಯೋಗ ಯೋಜನೆಯಿಂದಲ್ಲ, ಹಣದ ಕೊರತೆಯಿಂದ ಹುಟ್ಟಿತು. 1962ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ, ಅಲಮೀಡಾ, ಕಾಂಟ್ರಾ ಕೋಸ್ಟಾ ಕೌಂಟಿಗಳ ಮತದಾರರು ಬಾರ್ಟ್ ಎಂಬ ಹೊಸ ರೈಲು ಜಾಲಕ್ಕೆ 79.2 ಕೋಟಿ ಡಾಲರ್ ಸಾಲ ಎತ್ತಲು ಒಪ್ಪಿದರು; ಅದನ್ನು ತೀರಿಸುವ ಹೊಣೆ ಆಸ್ತಿ ತೆರಿಗೆಯದು. ಕೊಲ್ಲಿಯ ತಳದಲ್ಲಿ ಸುರಂಗ ನಿರ್ಮಿಸುತ್ತ, ಬೆಲೆಯೇರಿಕೆಯ ಜೊತೆ ಗುದ್ದಾಡುತ್ತ 1960ರ ದಶಕದ ಕೊನೆಗೆ ದುಡ್ಡು ಮುಗಿಯಿತು. ಅರ್ಧ ಕಟ್ಟಿದ ನಿಲ್ದಾಣಗಳನ್ನು ಹಾಗೇ ಬಿಡುವಂತಿರಲಿಲ್ಲ. 1969ರಲ್ಲಿ ರಾಜ್ಯದ ಶಾಸನಸಭೆ ಮೂರು ಕೌಂಟಿಗಳಲ್ಲಿ ಅರ್ಧ ಸೆಂಟ್ ಮಾರಾಟ ತೆರಿಗೆಗೆ ಅನುಮತಿ ಕೊಟ್ಟಿತು. 15 ಕೋಟಿ ಡಾಲರ್ ಸಾಲ ತೀರುವವರೆಗೆ ಮಾತ್ರ ಎಂಬುದು ಆಗಿನ ಮಾತು. ರೈಲು 1972ರ ಸೆಪ್ಟೆಂಬರ್‌ನಲ್ಲಿ ಓಡಿತು. ತೆರಿಗೆ ಮಾತ್ರ ಹೋಗಲಿಲ್ಲ. 1977ರಲ್ಲಿ ಅದನ್ನು ಕಾಯಂ ಮಾಡಿ, ಮುಕ್ಕಾಲು ಪಾಲನ್ನು ಬಾರ್ಟ್‌ಗೆ ಕೊಡಲಾಯಿತು. ತಾತ್ಕಾಲಿಕವೆಂದು ಬಂದ ತೆರಿಗೆ ಮನೆಯವನೇ ಆಗಿ ಕೂರುವುದು ಮುಂದೆ ಬೇರೆಡೆಯೂ ನಡೆಯಿತು.

ಇದೇ ಹೊತ್ತಿಗೆ, 1971ರಲ್ಲಿ, ಗವರ್ನರ್ ರೊನಾಲ್ಡ್ ರೇಗನ್ ಸಹಿ ಹಾಕಿದ ಸಾರಿಗೆ ಅಭಿವೃದ್ಧಿ ಕಾಯಿದೆ ಕ್ಯಾಲಿಫೋರ್ನಿಯಾದಲ್ಲಿ ಪೆಟ್ರೋಲಿಗೂ ಮಾರಾಟ ತೆರಿಗೆ ವಿಸ್ತರಿಸಿ, ಪ್ರತಿ ಕೌಂಟಿಗೂ ಕಾಲು ಸೆಂಟಿನಷ್ಟನ್ನು ಸಾರಿಗೆಗೆಂದು ಬಿಟ್ಟುಕೊಟ್ಟಿತು. ತೆರಿಗೆ ಕಡಿತದ ಮಾತಿನಿಂದಲೇ ಹೆಸರಾದ ರಾಜಕಾರಣಿಯ ಸಹಿ ಅದರ ಮೇಲಿರುವುದು ಗಮನಿಸತಕ್ಕದ್ದು.

ಅಟ್ಲಾಂಟಾ

ಜನರ ಮುಂದೆ ಹೋಗಿ ಮಾರಾಟ ತೆರಿಗೆಗೆ ಮತ ಕೇಳುವ ಕಲೆಯನ್ನು ತೋರಿಸಿದ್ದು ಜಾರ್ಜಿಯಾ ರಾಜ್ಯದ ಅಟ್ಲಾಂಟಾ. ಅಲ್ಲಿನ ಸಾರಿಗೆ ಸಂಸ್ಥೆ ಮಾರ್ಟಾ 1968ರಲ್ಲಿ ಆಸ್ತಿ ತೆರಿಗೆಯ ಆಧಾರದ ಮೇಲೆ ಮತ ಕೇಳಿ ಸೋತಿತ್ತು. ಮೇಯರ್ ಸ್ಯಾಮ್ ಮ್ಯಾಸೆಲ್ ಅದನ್ನು ಕೈಬಿಟ್ಟು ಒಂದು ಸೆಂಟ್ ಮಾರಾಟ ತೆರಿಗೆಯ ದಾರಿ ಹಿಡಿದರು. ಈ ತೆರಿಗೆ ಬಡವರ ಮೇಲೆ ಹೆಚ್ಚು ಬೀಳುತ್ತದೆ ಎಂಬ ಆಕ್ಷೇಪಕ್ಕೆ ಅವರು ಕೊಟ್ಟ ಉತ್ತರ ಸರಳ: 40 ಸೆಂಟ್ ಇದ್ದ ಬಸ್ ಟಿಕೆಟ್ಟನ್ನು 15 ಸೆಂಟಿಗೆ ಇಳಿಸಿ ಏಳು ವರ್ಷ ಹಾಗೇ ಇಡುವುದು. ಅಂಗಡಿಯಲ್ಲಿ ಕೊಟ್ಟದ್ದನ್ನು ಬಸ್ಸಿನಲ್ಲಿ ಉಳಿಸಿಕೊಳ್ಳಿ ಎಂಬುದು ಅದರ ಲೆಕ್ಕ. ಪ್ರಚಾರದ ದಿನಗಳಲ್ಲಿ ಮೇಯರ್ ಸಂಜೆಯ ಟ್ರಾಫಿಕ್ ಜಾಮಿನ ಮೇಲೆ ಹೆಲಿಕಾಪ್ಟರಿನಲ್ಲಿ ಹಾರುತ್ತ, ಇದರಿಂದ ಪಾರಾಗಬೇಕಾದರೆ ಹೌದು ಎಂದು ಮತ ಹಾಕಿ ಎಂದು ಧ್ವನಿವರ್ಧಕದಲ್ಲಿ ಕೂಗಿದ್ದನ್ನು ಅಟ್ಲಾಂಟಾದವರು ಇಂದೂ ಹೇಳಿಕೊಳ್ಳುತ್ತಾರೆ.

1971ರ ನವೆಂಬರ್‌ನಲ್ಲಿ ಫುಲ್ಟನ್ ಮತ್ತು ಡಿಕಾಲ್ಬ್ ಕೌಂಟಿಗಳು ಒಪ್ಪಿದವು. ಫುಲ್ಟನ್‌ನಲ್ಲಿ ಗೆಲುವಿನ ಅಂತರ ಐನೂರು ಮತಕ್ಕಿಂತ ಕಡಿಮೆ. ಕ್ಲೇಟನ್ ಮತ್ತು ಗ್ವಿನೆಟ್ ಕೌಂಟಿಗಳು ತಿರಸ್ಕರಿಸಿದವು. ನಗರದ ಕರಿಯರು ರೈಲಿನಲ್ಲಿ ತಮ್ಮ ಉಪನಗರಗಳಿಗೆ ಬಂದಾರು ಎಂಬ ಬಿಳಿಯರ ಭಯ ಇದಕ್ಕೆ ಒಂದು ದೊಡ್ಡ ಕಾರಣ. 1972ರ ಮಾರ್ಚ್ 1ರಂದು ಟಿಕೆಟ್ 15 ಸೆಂಟಿಗೆ ಇಳಿಯಿತು, ಮಾತು ಉಳಿಯಿತು. 1979ರಲ್ಲಿ ರೈಲೂ ಬಂತು. ಆದರೆ ಹಳಿ ಒಪ್ಪಿದ ಎರಡು ಕೌಂಟಿಗಳನ್ನು ದಾಟಿ ಹೆಚ್ಚು ದೂರ ಹೋಗಲಿಲ್ಲ. ತೆರಿಗೆಯ ಅರ್ಧವನ್ನು ನಿರ್ಮಾಣಕ್ಕೇ ಇಡಬೇಕೆಂಬ ಕಾನೂನಿನ ಕಟ್ಟು 2015ರವರೆಗೆ ಕಾಯಂ ಆಗಿ ಸಡಿಲವಾಗಲಿಲ್ಲ. ಹೀಗಾಗಿ ಬಸ್ಸು ಓಡಿಸಲು ಹಣ ಸಾಲದ ದಿನಗಳಲ್ಲೂ ಕಟ್ಟಡದ ಖಾತೆಯನ್ನು ಮುಟ್ಟುವಂತಿರಲಿಲ್ಲ. ಕ್ಲೇಟನ್ 2014ರಲ್ಲಿ ಮನಸ್ಸು ಬದಲಿಸಿ ಸೇರಿಕೊಂಡಿತು. ಗ್ವಿನೆಟ್ 1990, 2019, 2024ರಲ್ಲೂ ಸಾರಿಗೆ ತೆರಿಗೆ ಬೇಡವೆಂದಿತು.

ಲಾಸ್ ಏಂಜಲೀಸ್

ಈ ತೆರಿಗೆಯ ಬಲವೂ ಬಲಹೀನತೆಯೂ ಅತ್ಯಂತ ಸ್ಪಷ್ಟವಾಗಿ ಕಾಣುವುದು ಲಾಸ್ ಏಂಜಲೀಸ್ ಕೌಂಟಿಯಲ್ಲಿ. 1968, 1974, 1976ರಲ್ಲಿ ರೈಲಿಗಾಗಿ ಕೇಳಿದ ಮತಗಳೆಲ್ಲ ಸೋತಿದ್ದವು. 1978ರಲ್ಲಿ ಕ್ಯಾಲಿಫೋರ್ನಿಯಾದ ಮತದಾರರು ‘ಪ್ರೊಪೊಸಿಷನ್ 13’ ಎಂಬ ಸಂವಿಧಾನ ತಿದ್ದುಪಡಿ ಅಂಗೀಕರಿಸಿ ಆಸ್ತಿ ತೆರಿಗೆಗೆ ಮೌಲ್ಯದ ಶೇ. 1ರ ಮಿತಿ ಹಾಕಿದರು. ವಿಶೇಷ ಉದ್ದೇಶದ ಸ್ಥಳೀಯ ತೆರಿಗೆಗಳಿಗೆ ಮೂರನೇ ಎರಡರಷ್ಟು ಬಹುಮತ ಬೇಕೆಂದೂ ವಿಧಿಸಿದರು. ಆಸ್ತಿಯ ಬಾಗಿಲು ಮುಚ್ಚಿದ ಮೇಲೆ ಉಳಿದದ್ದು ಅಂಗಡಿಯ ಬಾಗಿಲು.

ಸಾರಿಗೆಗಾಗಿ ಅರ್ಧ ಸೆಂಟ್ ಕೇಳಿದ 1980ರ ಪ್ರೊಪೊಸಿಷನ್ ‘ಎ’ಗೆ ಸುಮಾರು ಶೇ. 54 ಮತ ಬಂತು. ಮೂರನೇ ಎರಡರ ಲೆಕ್ಕದಲ್ಲಿ ಅದು ಸೋಲು. ವ್ಯಾಜ್ಯ ರಾಜ್ಯದ ಸುಪ್ರೀಂ ಕೋರ್ಟಿಗೆ ಹೋಯಿತು. ಕೌಂಟಿಯ ಸಾರಿಗೆ ಆಯೋಗಕ್ಕೆ ಆಸ್ತಿ ತೆರಿಗೆ ಹಾಕುವ ಅಧಿಕಾರವೇ ಇರಲಿಲ್ಲ, ಆದ್ದರಿಂದ ಅದಕ್ಕೆ ಈ ನಿಯಮ ಅನ್ವಯಿಸದು ಎಂದು 1982ರಲ್ಲಿ ತೀರ್ಪು ಬಂತು. ಪ್ರಸ್ತಾವವನ್ನು ರೂಪಿಸಿದ ಕೌಂಟಿ ಮೇಲ್ವಿಚಾರಕ ಕೆನೆತ್ ಹಾನ್ ಅಟ್ಲಾಂಟಾದ ಪಾಠವನ್ನು ಚೆನ್ನಾಗಿ ಕಲಿತಿದ್ದಂತೆ ತೋರುತ್ತದೆ: ಮೊದಲ ಮೂರು ವರ್ಷ ಬಸ್ ಟಿಕೆಟ್ 50 ಸೆಂಟಿಗೆ ಇಳಿಯಿತು, ಪ್ರಯಾಣಿಕರು ಗಣನೀಯವಾಗಿ ಹೆಚ್ಚಿದರು. 1985ರಲ್ಲಿ ಗಡುವು ಮುಗಿದು ಹಣ ರೈಲಿನ ಕಡೆ ತಿರುಗಿದ್ದೇ ಟಿಕೆಟ್ ದರ ಏರಿತು, ಬಸ್ಸಿನವರ ಸಂಖ್ಯೆ ಇಳಿಯಿತು. 1990ರ ಜುಲೈಯಲ್ಲಿ ಲಾಂಗ್ ಬೀಚಿನ ಕಡೆಗೆ ಬ್ಲೂ ಲೈನ್ ರೈಲು ಓಡತೊಡಗಿತು. ಅದೇ ವರ್ಷ ಇನ್ನೊಂದು ಅರ್ಧ ಸೆಂಟ್, ಪ್ರೊಪೊಸಿಷನ್ ‘ಸಿ’, ಗೆದ್ದಿತು.

ಪ್ರಯಾಣಿಕರಲ್ಲಿ ಬಸ್ಸಿನವರೇ ಹೆಚ್ಚು, ಹಣ ಹೋಗುವುದು ರೈಲಿಗೆ ಎಂಬ ಸಿಟ್ಟು 1994ರಲ್ಲಿ ಕೋರ್ಟ್ ಮೆಟ್ಟಿಲೇರಿತು. ಬಸ್ ಪ್ರಯಾಣಿಕರ ಸಂಘ ಹೂಡಿದ ದಾವೆ 1996ರಲ್ಲಿ ರಾಜಿಯಾಗಿ, ಹತ್ತು ವರ್ಷ ಬಸ್ಸುಗಳ ಕಿಕ್ಕಿರಿತ ತಗ್ಗಿಸುವ ಹೊಣೆ ಸಾರಿಗೆ ಸಂಸ್ಥೆಯ ಮೇಲೆ ಬಿತ್ತು. ನಡುವೆ, 1995ರಲ್ಲಿ, ಸುರಂಗದ ಕೆಲಸ ನಡೆಯುತ್ತಿದ್ದಾಗ ಹಾಲಿವುಡ್ ಬುಲವಾರ್ಡ್‌ನ ಒಂದು ಭಾಗ ಕುಸಿದು ದೊಡ್ಡ ಗುಂಡಿ ಬಿದ್ದಿತು. ಜನರ ತಾಳ್ಮೆ ಕೆಟ್ಟಿತ್ತು. 1998ರಲ್ಲಿ ಮೇಲ್ವಿಚಾರಕ ಝೆವ್ ಯಾರೊಸ್ಲಾವ್‌ಸ್ಕಿ ತಂದ ಪ್ರಸ್ತಾವದಂತೆ, ಹಿಂದಿನ ಎರಡು ತೆರಿಗೆಗಳ ಹಣವನ್ನು ಹೊಸ ಸುರಂಗಕ್ಕೆ ಬಳಸಬಾರದೆಂದು ಮತದಾರರೇ ಬೀಗ ಹಾಕಿದರು. ತಾವು ಕೊಟ್ಟ ತೆರಿಗೆಯನ್ನು ರದ್ದು ಮಾಡದೆ, ಅದರ ಬಳಕೆಗೆ ಮಾತ್ರ ಕಡಿವಾಣ ಹಾಕಿದ ಅಪರೂಪದ ಪ್ರಸಂಗ ಇದು.

ಹತ್ತು ವರ್ಷದ ನಂತರ ಅದೇ ಮತದಾರರು ಸುರಂಗವೂ ಸೇರಿದ ಪಟ್ಟಿಯೊಂದಕ್ಕೆ ಒಪ್ಪಿದರು. ‘ಮೆಷರ್ ಆರ್’ 2008ರ ನವೆಂಬರ್‌ನಲ್ಲಿ ಶೇ. 67.9 ಮತ ಪಡೆಯಿತು, ಬೇಕಿದ್ದದ್ದು 66.67. ಮೂವತ್ತು ವರ್ಷದಲ್ಲಿ 4,000 ಕೋಟಿ ಡಾಲರ್ ತರುವ ಅಂದಾಜಿನ ಆ ತೆರಿಗೆಯ ಹಂಚಿಕೆ ಓದುವಂತಿದೆ: ಹೊಸ ರೈಲು ಮಾರ್ಗಗಳಿಗೆ ಶೇ. 35, ಹೆದ್ದಾರಿಗೆ 20, ಬಸ್ ಓಡಿಸಲು 20, ಊರೂರಿಗೆ ನೇರ ಪಾಲು 15, ಉಳಿದದ್ದು ಚೂರುಪಾರು. ಇಂಜಿನಿಯರಿಂಗ್ ಲೆಕ್ಕವಲ್ಲ, ಮತದ ಲೆಕ್ಕ. ಮೂವರಲ್ಲಿ ಇಬ್ಬರು ಒಪ್ಪಬೇಕಾದರೆ ಕಾರಿನವನಿಗೂ ಏನಾದರೂ ಸಿಗಬೇಕು, ಕೌಂಟಿಯ 88 ಊರುಗಳಿಗೂ ಸಿಗಬೇಕು. 2012ರಲ್ಲಿ ಇದರ ಅವಧಿ ಹೆಚ್ಚಿಸುವ ‘ಮೆಷರ್ ಜೆ’ ಶೇ. 66.1 ಪಡೆದೂ ಸೋತಿತು. 2016ರ ‘ಮೆಷರ್ ಎಂ’ ಶೇ. 71ಕ್ಕೂ ಹೆಚ್ಚು ಮತದಿಂದ ಗೆದ್ದಿತು. ಅದಕ್ಕೆ ಕೊನೆಯ ದಿನಾಂಕವೇ ಇಲ್ಲ. ಜನ ತಾವೇ ರದ್ದು ಮಾಡುವವರೆಗೂ ನಡೆಯುತ್ತದೆ.

ಊರುಗಳಿಗೆ ಹೋಗುವ ಪಾಲಿನಲ್ಲಿ ಒಂದು ವಿಚಿತ್ರ ವ್ಯವಹಾರವಿದೆ. ಪ್ರೊಪೊಸಿಷನ್ ‘ಎ’ಯ ಕಾಲುಭಾಗ ಪುರಸಭೆಗಳಿಗೆ ಸೇರುತ್ತದೆ, ಆದರೆ ಅದನ್ನು ಸಾರ್ವಜನಿಕ ಸಾರಿಗೆಗೇ ಖರ್ಚು ಮಾಡಬೇಕು. ಬಸ್ಸಿನ ಗೊಡವೆ ಹೆಚ್ಚಿಲ್ಲದ ಸಣ್ಣ ಊರು ಆ ಹಣವನ್ನು ಬಸ್ಸು ನಡೆಸುವ ಇನ್ನೊಂದು ಊರಿಗೆ ಸೋಡಿಯಲ್ಲಿ ಮಾರಬಹುದು. ಡಾಲರಿಗೆ ಮುಕ್ಕಾಲು ಡಾಲರಿನ ಆಸುಪಾಸಿನ ದರದಲ್ಲಿ ಕೊಟ್ಟು, ಎಲ್ಲಿ ಬೇಕಾದರೂ ಖರ್ಚು ಮಾಡಬಹುದಾದ ಸಾಮಾನ್ಯ ನಿಧಿಯ ಹಣ ಪಡೆಯುತ್ತದೆ. ನಿಯಮವೇ ಇದಕ್ಕೆ ಅವಕಾಶ ಕೊಟ್ಟಿದೆ.

ಸಾಂಟಾ ಕ್ಲಾರಾ ಮತ್ತು ಡೆನ್ವರ್

ಕ್ಯಾಲಿಫೋರ್ನಿಯಾದ ಸಾಂಟಾ ಕ್ಲಾರಾ ಕೌಂಟಿ 1984ರಲ್ಲಿ ಹತ್ತು ವರ್ಷದ ಅರ್ಧ ಸೆಂಟ್ ತೆರಿಗೆಯಿಂದ ಹೆದ್ದಾರಿ ಕಟ್ಟಿ, ರಾಜ್ಯದ ಹಣಕ್ಕೆ ಕಾಯದ ‘ಸ್ವಸಹಾಯ ಕೌಂಟಿ’ಗಳ ಪರಂಪರೆ ಆರಂಭಿಸಿತು. ಕ್ಯುಪರ್ಟಿನೊ ಸುತ್ತಮುತ್ತ ನೆಲೆಸಿರುವ ಕನ್ನಡದ ಸಾಫ್ಟ್‌ವೇರ್ ಕುಟುಂಬಗಳು ದಿನವೂ ಓಡಾಡುವ 85ನೇ ನಂಬರ್ ಹೆದ್ದಾರಿ ಪೂರ್ಣಗೊಂಡದ್ದು ಆ ಹಣದಿಂದ. ಬಾರ್ಟ್ ರೈಲನ್ನು ಇದೇ ಕೌಂಟಿಯ ಸ್ಯಾನ್ ಹೋಸೆಗೆ ತರುವ ತೆರಿಗೆಗೆ 2000ದಲ್ಲಿ ಒಪ್ಪಿಗೆ ಸಿಕ್ಕಿತು. ರೈಲು ನಗರದ ಅಂಚಿನ ಬೆರಿಯೆಸ್ಸಾ ತಲುಪಿದ್ದು 2020ರ ಜೂನ್‌ನಲ್ಲಿ. ಮತ ಹಾಕಿದ ವರ್ಷ ಹುಟ್ಟಿದ ಮಗು ಅಷ್ಟರಲ್ಲಿ ತಾನೇ ಮತದಾರನಾಗಿತ್ತು.

ಡೆನ್ವರ್ ಪ್ರದೇಶ 2004ರಲ್ಲಿ ‘ಫಾಸ್ಟ್‌ಟ್ರ್ಯಾಕ್ಸ್’ ಯೋಜನೆಗೆ ಶೇ. 0.4 ತೆರಿಗೆ ಒಪ್ಪಿತು. ಅಂದಾಜು ವೆಚ್ಚ 470 ಕೋಟಿ ಡಾಲರ್. ಉಕ್ಕು, ಸಿಮೆಂಟಿನ ಬೆಲೆ ಏರಿತು, 2008ರ ಹಿಂಜರಿತದಲ್ಲಿ ವ್ಯಾಪಾರ ಬಿದ್ದು ತೆರಿಗೆ ಸೊರಗಿತು. ವಿಮಾನ ನಿಲ್ದಾಣದ ರೈಲು 2016ರಲ್ಲಿ ಬಂತು. ಬೌಲ್ಡರ್, ಲಾಂಗ್‌ಮಾಂಟ್‌ಗಳಿಗೆ ಹೋಗಬೇಕಿದ್ದ ಮಾರ್ಗ ವೆಸ್ಟ್‌ಮಿನ್ಸ್ಟರ್‌ನಲ್ಲೇ ನಿಂತಿತು. ಆ ಊರುಗಳವರು ತೆರಿಗೆಯನ್ನಂತೂ 2005ರಿಂದ ಕೊಡುತ್ತಲೇ ಇದ್ದಾರೆ.

ಟೀಕೆಗಳು

ಬಡವರು ತಮ್ಮ ವರಮಾನದ ಹೆಚ್ಚಿನ ಪಾಲನ್ನು ಸಾಮಾನು ಕೊಳ್ಳಲು ಖರ್ಚು ಮಾಡುವುದರಿಂದ ಈ ತೆರಿಗೆ ಅವರಿಗೇ ಭಾರ ಎಂಬುದು ಹಳೆಯ ಆಕ್ಷೇಪ. ಕ್ಯಾಲಿಫೋರ್ನಿಯಾದಲ್ಲಿ ದಿನಸಿಗೆ ವಿನಾಯಿತಿ ಇದೆ; ಅದರಿಂದ ಭಾರ ತಗ್ಗುತ್ತದೆ, ಹೋಗುವುದಿಲ್ಲ. ಕಾರು ಇಟ್ಟವನೂ ಇಲ್ಲದವನೂ ಒಂದೇ ದರದಲ್ಲಿ ರಸ್ತೆಗೆ ತೆರಿಗೆ ಕೊಡುವುದು ಇನ್ನೊಂದು ಆಕ್ಷೇಪ. ಪೆಟ್ರೋಲಿಗೆ ಹಾಕಬೇಕಾದ ತೆರಿಗೆ ಚಪ್ಪಲಿಗೆ ಬಿದ್ದದ್ದಕ್ಕೆ ಕಾರಣ ದೂರ ಹುಡುಕಬೇಕಿಲ್ಲ: ಕೇಂದ್ರದ ಪೆಟ್ರೋಲ್ ತೆರಿಗೆ 1993ರಿಂದ ಗ್ಯಾಲನ್ನಿಗೆ 18.4 ಸೆಂಟಿನಲ್ಲೇ ನಿಂತಿದೆ. ಮತಪತ್ರದ ಜೊತೆ ಬರುವ ಕಾಮಗಾರಿ ಪಟ್ಟಿ ನಂಬಿಕೆ ಗಳಿಸಿಕೊಡುತ್ತದೆ, ಆದರೆ ಮೂವತ್ತು ವರ್ಷದ ಮುಂದಿನ ನಗರವನ್ನು ಇಂದೇ ಊಹಿಸಿ ಕಟ್ಟಿಹಾಕುತ್ತದೆ. ಈ ಲೇಖಕನ ಮಟ್ಟಿಗೆ ಇದು ಮೊದಲೆರಡು ಆಕ್ಷೇಪಗಳಿಗಿಂತ ಆಳವಾದದ್ದು.

ಭಾರತದಲ್ಲಿ ಇದಕ್ಕೆ ಸರಿಸಮಾನವಾದದ್ದಿಲ್ಲ. ಪುರಸಭೆಗಳು ಊರೊಳಗೆ ಬರುವ ಸರಕಿಗೆ ಹಾಕುತ್ತಿದ್ದ ಆಕ್ಟ್ರಾಯ್ ಸುಂಕವನ್ನು ಕರ್ನಾಟಕ 1979ರಲ್ಲಿ ತೆಗೆದು ರಾಜ್ಯದ ಪ್ರವೇಶ ತೆರಿಗೆ ತಂದಿತು; 2017ರ ಜಿಎಸ್‌ಟಿ ಅದನ್ನೂ ನುಂಗಿತು. ಬೆಂಗಳೂರಿನ ಮೆಟ್ರೊ ನಿಗಮ ಕೇಂದ್ರ ಮತ್ತು ರಾಜ್ಯಗಳ ಸಮಪಾಲಿನ ಸಂಸ್ಥೆ. ಅದರ ಹಣಕ್ಕಾಗಿ ನಗರದ ಜನರನ್ನು ನೇರವಾಗಿ ಮತ ಕೇಳುವ ದಾರಿ ನಮ್ಮ ಕಾನೂನಿನಲ್ಲಿಲ್ಲ.

ಇತ್ತೀಚೆಗೆ

2017ರಲ್ಲಿ ಕ್ಯಾಲಿಫೋರ್ನಿಯಾ ಸುಪ್ರೀಂ ಕೋರ್ಟು ಅಪ್‌ಲ್ಯಾಂಡ್ ಪ್ರಕರಣದಲ್ಲಿ ಕೊಟ್ಟ ತೀರ್ಪಿನ ಆಧಾರದ ಮೇಲೆ, ನಾಗರಿಕರೇ ಸಹಿ ಸಂಗ್ರಹಿಸಿ ತಂದ ತೆರಿಗೆ ಪ್ರಸ್ತಾವಕ್ಕೆ ಸರಳ ಬಹುಮತ ಸಾಕು ಎಂಬ ನಿಲುವು ಬೆಳೆಯಿತು. ಮೂರನೇ ಎರಡರ ಗೋಡೆಯಲ್ಲಿ ಇದೊಂದು ಕಿಂಡಿ. 2024ರ ನವೆಂಬರ್‌ನಲ್ಲಿ, ಆರು ವರ್ಷ ಹಿಂದೆ ರೈಲು ಯೋಜನೆಯನ್ನು ತಳ್ಳಿಹಾಕಿದ್ದ ಟೆನೆಸಿಯ ನ್ಯಾಶ್‌ವಿಲ್ ಬಸ್ಸು, ಕಾಲುದಾರಿ, ಸಿಗ್ನಲ್‌ಗಳಿಗೆ ಒತ್ತು ಕೊಟ್ಟ ಅರ್ಧ ಸೆಂಟ್ ತೆರಿಗೆಗೆ ಹೂಂಗುಟ್ಟಿತು. ಕೊರೊನಾ ನಂತರ ಕಚೇರಿಗೆ ಹೋಗುವವರು ಕಡಿಮೆಯಾಗಿ ಬಾರ್ಟ್‌ನ ಟಿಕೆಟ್ ಆದಾಯ ಕುಸಿದಾಗ, ಕೊಲ್ಲಿ ಪ್ರದೇಶದ ಐದು ಕೌಂಟಿಗಳಲ್ಲಿ ಹೊಸ ಮಾರಾಟ ತೆರಿಗೆಯನ್ನು 2026ರಲ್ಲಿ ಮತಕ್ಕೆ ಹಾಕಲು ಶಾಸನಸಭೆ 2025ರಲ್ಲಿ ಅವಕಾಶ ಕೊಟ್ಟಿತು: ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಒಂದು ಸೆಂಟ್, ಉಳಿದೆಡೆ ಅರ್ಧ. ಈ ಸಲ ಮುಖ್ಯವಾಗಿ ಕೇಳುತ್ತಿರುವುದು ಹೊಸ ಹಳಿಗಲ್ಲ, ಈಗಿರುವ ರೈಲು ಬಸ್ಸುಗಳನ್ನು ನಿಲ್ಲಿಸದೆ ಓಡಿಸುವುದಕ್ಕೆ.