ಕೊನೆಯಾಟದಲ್ಲಿ ಎಡವಿದ ಯಂತ್ರ

ಚದುರಂಗ ನಮ್ಮ ಸೀಮೆಗೆ ಹೊಸದಲ್ಲ. ನಮ್ಮ ಕಡೂರು ಸೇರಿದ್ದ ಮೈಸೂರು ಸಂಸ್ಥಾನದ ಅರಸರಾದ ಮುಮ್ಮಡಿ ಕೃಷ್ಣರಾಜ ಒಡೆಯರು, ಕುದುರೆಯನ್ನು 64 ಮನೆಗಳಲ್ಲೂ ಒಂದೊಂದೇ ಸಲ ನಡೆಸುವ ಬಂಧಗಳನ್ನು ರಚಿಸಿದವರು. 2017ರಲ್ಲಿ ಮೈಸೂರಿನ ಎಂ.ಎಸ್. ತೇಜ್‌ಕುಮಾರ್ ಕರ್ನಾಟಕದ ಮೊದಲ ಗ್ರ್ಯಾಂಡ್‌ಮಾಸ್ಟರ್ ಆದರು. ಇಂದು ಮೊಬೈಲಿನ ಎದುರು ಆಡಿ ಸೋಲುವ ಮಕ್ಕಳು, ‘ಕಂಪ್ಯೂಟರ್ ತಪ್ಪುವುದೇ ಇಲ್ಲ’ ಎನ್ನುತ್ತಾರೆ. ಅದು ತಪ್ಪುತ್ತಿದ್ದ ಕಾಲದ ಚರಿತ್ರೆಯನ್ನು ಈ ಶಾಲೆಯ ಹಳೆಯ ವಿದ್ಯಾರ್ಥಿಯಾದ ನಾನು ಅವರಿಗಾಗಿ ಬರೆಯುತ್ತಿದ್ದೇನೆ.

1996ರ ಫೆಬ್ರವರಿಯಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಐಬಿಎಂ ಸಂಸ್ಥೆಯ ‘ಡೀಪ್ ಬ್ಲೂ’ ಯಂತ್ರ ವಿಶ್ವ ಚಾಂಪಿಯನ್ ಗ್ಯಾರಿ ಕ್ಯಾಸ್ಪರೊವ್ ಅವರನ್ನು ಮೊದಲ ಆಟದಲ್ಲೇ ಸೋಲಿಸಿತು. ಎರಡನೆಯ ಆಟ 73 ನಡೆಗಳವರೆಗೆ ಬೆಳೆಯಿತು. ಕೊನೆಗೆ ಇಬ್ಬರಲ್ಲೂ ಒಂದೊಂದು ಒಂಟೆ. ಕ್ಯಾಸ್ಪರೊವ್ ಬಳಿ ಮೂರು ಕಾಲಾಳು, ಯಂತ್ರದ ಬಳಿ ಒಂದೇ. ಯಂತ್ರದ ಪರವಾಗಿ ಕೂತಿದ್ದವರು ಸೋಲೊಪ್ಪಿದರು. ಸರಣಿ 4–2ರಿಂದ ಕ್ಯಾಸ್ಪರೊವ್ ಪಾಲಾಯಿತು. ಮರುವರ್ಷ ಯಂತ್ರವೇ ಗೆದ್ದಿತು.

ಆಗಿನ ಯಂತ್ರಗಳು ಕೊನೆಯಾಟದಲ್ಲಿ ಏಕೆ ಎಡವುತ್ತಿದ್ದವು? ಅವು ಇಷ್ಟು ನಡೆ ಎಂದು ಮುಂದೆ ಎಣಿಸಿ, ಕಾಲಾಳಿಗೆ 1, ಒಂಟೆಗೆ 3, ಆನೆಗೆ 5 ಎಂಬಂತೆ ಅಂಕ ಹಾಕುತ್ತಿದ್ದವು. ಕಾಯಿಗಳು ಕಿಕ್ಕಿರಿದಾಗ ಆ ಎಣಿಕೆಯೇ ಬಲ. ಕಾಯಿಗಳು ತೆಳುವಾದಾಗ ಗೆಲುವು ಇಪ್ಪತ್ತು ಮೂವತ್ತು ನಡೆ ಆಚೆ ಇರುತ್ತದೆ. ಎಣಿಕೆ ಅಲ್ಲಿಗೆ ಮುಟ್ಟುವುದಿಲ್ಲ. ಮನುಷ್ಯನಾದರೋ ‘ನನ್ನ ರಾಜ ಆ ಮನೆ ಸೇರಬೇಕು’ ಎಂದು ಮೊದಲು ಗುರಿ ಇಟ್ಟು, ಆಮೇಲೆ ದಾರಿ ಹುಡುಕುತ್ತಾನೆ. ಇನ್ನೊಂದು ಉದಾಹರಣೆ: ಒಂದು ಒಂಟೆ, ಅಂಚಿನ ಸಾಲಿನ ಒಂದು ಕಾಲಾಳು ಉಳಿದಿವೆ. ಕಾಲಾಳು ಮಂತ್ರಿಯಾಗಬೇಕಾದ ಮೂಲೆಮನೆ ಒಂಟೆಯ ಬಣ್ಣದ್ದಲ್ಲ. ಎದುರಾಳಿ ರಾಜ ಅಲ್ಲೇ ಕೂತಿದ್ದಾನೆ. ಅಂಕ ನಾಲ್ಕು ಹೆಚ್ಚಿದ್ದರೂ ಆಟ ಡ್ರಾ. ಇದನ್ನು ಬಲ್ಲ ಆಟಗಾರ ಸೋಲುವ ಆಟವನ್ನೂ ಉಳಿಸಿಕೊಳ್ಳುತ್ತಿದ್ದ.

ಇದಕ್ಕೆ ಮದ್ದು ಹಿಂದಿನಿಂದ ಎಣಿಸುವುದು. ಯೂನಿಕ್ಸ್ ಖ್ಯಾತಿಯ ಕೆನ್ ಥಾಂಪ್ಸನ್ 1970ರ ದಶಕದಲ್ಲೇ ಶಹಮಾತಿನಿಂದ ಹಿಂದಕ್ಕೆ ಸಾಗಿ, ಕೆಲವೇ ಕಾಯಿಗಳ ಸ್ಥಿತಿಗಳನ್ನೆಲ್ಲ ಬಿಡಿಸಿಟ್ಟರು. 2012ರಲ್ಲಿ ಮಾಸ್ಕೋದಲ್ಲಿ ಏಳು ಕಾಯಿಗಳವರೆಗಿನ ಕೋಷ್ಟಕ ಸಿದ್ಧವಾಯಿತು. ಅಷ್ಟರ ಮಟ್ಟಿಗೆ ಈಗ ಯಂತ್ರ ತಪ್ಪದು.

ಕಾಪಬ್ಲಾಂಕಾ ಕೂಡ ಕೊನೆಯಾಟವನ್ನೇ ಮೊದಲು ಕಲಿಯಿರಿ ಎಂದವರು. ಶಿಕ್ಷಕರಲ್ಲಿ ನನ್ನ ಕೋರಿಕೆ ಇಷ್ಟೇ: ಆಟದ ಪಿರಿಯಡ್‌ನಲ್ಲಿ ಹಲಗೆಯ ಮೇಲೆ ಎರಡು ರಾಜ, ಒಂದು ಕಾಲಾಳು ಮಾತ್ರ ಇಡಿ. ಯಾರು ಗೆಲ್ಲುತ್ತಾರೆ, ಏಕೆ ಎಂದು ಮಕ್ಕಳೇ ಬಾಯಿಬಿಟ್ಟು ಹೇಳಲಿ.